ಮುಚ್ಚಿಟ್ಟ ಮಾತೂ ಸುಳ್ಳೇ

ಮೈಸೂರಿನ ಕುವೆಂಪುನಗರದ ಓದುಗರೊಬ್ಬರು ಬರೆಯುತ್ತಾರೆ: ‘ನಾವು ಮೂವರು ಗೆಳೆಯರು ಹವ್ಯಾಸಕ್ಕೆಂದು ಎರಡು ಆಸನದ ಹಳೆಯ ವಿಮಾನ ಕೊಂಡೆವು. ಎಂಜಿನ್ ಪೂರ್ಣ ದುರಸ್ತಿಯಾದ ಮೇಲೆ ಓಡಿದ್ದು ಕೇವಲ 300 ಗಂಟೆ ಎಂದು ದಲ್ಲಾಳಿಯ ಜಾಹೀರಾತು ಹೇಳಿತ್ತು. ಆ ದುರಸ್ತಿಗೆ 19 ವರ್ಷ ತುಂಬಿದೆ ಎಂಬುದು ಆಮೇಲೆ ತಿಳಿಯಿತು. ದುರಸ್ತಿಗಳ ದಾಖಲೆಯಾದ ಲಾಗ್‌ಬುಕ್ ಓದದೆ ಹಣ ಕೊಟ್ಟ ನಮ್ಮದೇ ತಪ್ಪಲ್ಲವೇ?’

ಸಂಪಾದಕರ ಉತ್ತರ: ಓದಬೇಕಿತ್ತು, ನಿಜ. ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ಸಂಗತಿಯ ಬಗ್ಗೆ ಮಾರುವವನು ಬಾಯಿ ಬಿಡದಿದ್ದರೆ ಅಷ್ಟಕ್ಕೇ ಒಪ್ಪಂದ ಮುರಿಯಲಾಗದು ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಮಾರಿದ ಮಾಲೀಕರ ಪರವಾಗಿ ಇಷ್ಟು ಸಾಕು. ನೀವೇಕೆ ತಲೆ ತಗ್ಗಿಸುತ್ತೀರಿ, ಸ್ವಾಮಿ?

ಓಡದ ಎಂಜಿನ್ ಹೊಸದಾಗಿ ಉಳಿಯುವುದಿಲ್ಲ. ನಿಂತಲ್ಲೇ ನಿಂತರೆ ಒಳಗಿನ ಎಣ್ಣೆ ಜಾರಿ ಇಳಿಯುತ್ತದೆ, ತೇವ ಕೂರುತ್ತದೆ, ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ತುಕ್ಕು ಹಿಡಿಯುತ್ತದೆ. ಅದಕ್ಕೇ ಸಣ್ಣ ವಿಮಾನಗಳ ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿ ಪೂರ್ಣ ದುರಸ್ತಿಗೆ ಗಂಟೆಯ ಲೆಕ್ಕದ ಜೊತೆಗೆ 12 ವರ್ಷದ ಗಡುವನ್ನೂ ಹಾಕಿದೆ. ಗಂಟೆ ಹೇಳಿ ವರ್ಷ ನುಂಗಿದ್ದು ಮರೆವಿನಿಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವುದನ್ನೂ ದಾರಿತಪ್ಪಿಸುವ ಜಾಹೀರಾತು ಎಂದೇ ಕರೆದಿದೆ.

ಒಮ್ಮೆ ಮಾತ್ರ ಸ್ವಂತ ವಿಮಾನ ಮಾರಿದ ಮಾಲೀಕರನ್ನು ಗ್ರಾಹಕ ಆಯೋಗ ‘ವ್ಯಾಪಾರಿ’ ಎಂದು ಒಪ್ಪದೆ ಹೋಗಬಹುದು; ಅವರ ಮೇಲೆ ಸಿವಿಲ್ ದಾವೆಯೇ ದಾರಿಯಾದೀತು. ದಲ್ಲಾಳಿಗೆ ಅದು ಕಸುಬು. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಿ. ದೂರು ಕೊಡಲು ಇರುವುದು ಎರಡೇ ವರ್ಷ.

ಚಿಕ್ಕಂದಿನಲ್ಲಿ ತಾತನ ಜೊತೆ ಪಾಂಡವಪುರದ ಬಳಿಯ ಬೇಬಿ ಬೆಟ್ಟದ ದನಗಳ ಜಾತ್ರೆಗೆ ಹೋಗುತ್ತಿದ್ದೆ. ತಾತ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವರು, ಸುಳಿ ನೋಡುವರು, ಟವೆಲಿನಡಿ ಬೆರಳು ಹಿಡಿದು ಬೆಲೆ ಕಟ್ಟುವರು. ಬೆಲೆ ಕುದುರಿದ ಮೇಲೂ ಒಬ್ಬ ರೈತ ಅವರ ಕೈ ಬಿಡದೆ, ‘ಗೌಡರೇ, ಇದನ್ನು ಎಡಕ್ಕೇ ಕಟ್ಟಬೇಕು, ಬಲಕ್ಕೆ ಕಟ್ಟಿದರೆ ಮಲಗಿಬಿಡುತ್ತದೆ’ ಎಂದ. ತಾತ ಒಂದು ರೂಪಾಯಿಯನ್ನೂ ಕಡಿಮೆ ಮಾಡಲಿಲ್ಲ.

ಈಗಿನ ಜಾಹೀರಾತುಗಳನ್ನು ನೋಡಿ. ಆಸೆ ಹುಟ್ಟಿಸುವ ಮಾತು ಅಂಗೈಯಗಲದ ಕನ್ನಡದಲ್ಲಿ, ಷರತ್ತು ಸಾಸಿವೆ ಕಾಳಿನಷ್ಟು ಇಂಗ್ಲಿಷಿನಲ್ಲಿ. ಹೇಳಿಕೆಯ ಭಾಷೆಯಲ್ಲೇ, ಅದೇ ಅಕ್ಷರದಲ್ಲೇ ಷರತ್ತೂ ಇರಬೇಕೆಂದು 2022ರ ಕೇಂದ್ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಆದರೂ ಪತ್ರಿಕೆಗಳು ‘ಜಾಹೀರಾತಿಗೆ ನಾವು ಹೊಣೆಯಲ್ಲ’ ಎಂದು ಮೂಲೆಯಲ್ಲಿ ಅಚ್ಚು ಹಾಕಿ ಕೈ ತೊಳೆದುಕೊಳ್ಳುತ್ತವೆ. ಕಳೆದ ತಿಂಗಳು ನಮ್ಮ ಹಿಂಬದಿಯ ಪುಟಕ್ಕೂ ಅಂಥದೊಂದು ಬಂದಿತ್ತು. ಷರತ್ತುಗಳನ್ನು ಕನ್ನಡದಲ್ಲಿ ಕಳಿಸಿ ಎಂದು ಕೇಳಿದೆ. ಅವರು ಜಾಹೀರಾತನ್ನೇ ಹಿಂಪಡೆದರು.