ಸ್ವಾನೆತಿಗೆ ಹೋಗಿ ಬನ್ನಿ

ಪ್ರಶ್ನೆ: ಎಲ್ಲರೂ ಹೋಗುವ ಸ್ವಿಟ್ಜರ್ಲೆಂಡ್ ಬೇಡ. ಬೆಟ್ಟಗಳ ನಡುವಿನ, ಗದ್ದಲ ಕಡಿಮೆ ಇರುವ ಜಾಗ ಹೇಳಿ. ನಾವು ಸಸ್ಯಾಹಾರಿಗಳು.
– ಓದುಗರೊಬ್ಬರು, ಹಾಸನ

ಉತ್ತರ: ಜಾರ್ಜಿಯಾ ದೇಶದ ಸ್ವಾನೆತಿಗೆ ಹೋಗಿ. ಕಾಕಸಸ್ ಬೆಟ್ಟಗಳಲ್ಲಿ ನನಗೆ ಅದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ. ಮೆಸ್ತಿಯಾ ಪಟ್ಟಣದಲ್ಲಿ ಮನೆಗಳಿಗೆ ಅಂಟಿಕೊಂಡೇ ಎತ್ತರದ ಕಲ್ಲಿನ ಗೋಪುರಗಳಿವೆ. ದಾಳಿ, ಮನೆತನಗಳ ಹಗೆ ಅಂತ ಬಂದಾಗ ಮನೆಮಂದಿಯೆಲ್ಲ ಅದರೊಳಗೆ ಸೇರಿ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಅಲ್ಲಿಂದ ಸುಮಾರು 45 ಕಿ.ಮೀ. ಹೋದರೆ ಉಷ್ಗುಲಿ. 2,100 ಮೀಟರ್ ಎತ್ತರದಲ್ಲಿದ್ದರೂ ಜನ ವರ್ಷಪೂರ್ತಿ ಅಲ್ಲೇ ಬದುಕುತ್ತಾರೆ. 1996ರಿಂದ ಈ ಭಾಗ ಯುನೆಸ್ಕೊ ಪಟ್ಟಿಯಲ್ಲಿದೆ. ಹಳ್ಳಿಯ ಹಿಂದೆಯೇ 5,193 ಮೀಟರಿನ ಷ್ಖಾರಾ ಶಿಖರ. ಮೋಡ ಇಲ್ಲದ ಬೆಳಿಗ್ಗೆ ಸಿಕ್ಕರೆ ಬೇರೇನೂ ಬೇಡ ಅನ್ನಿಸುತ್ತೆ.

ಊಟದ ಚಿಂತೆ ಬೇಡ. ಕುಬ್ದಾರಿ ಎಂಬ ರೊಟ್ಟಿಯೊಳಗೆ ಮಾಂಸ ಇರುತ್ತದೆ, ಅದನ್ನು ಬಿಡಿ. ತಾಷ್ಮಿಜಾಬಿ ಕೇಳಿ: ಆಲೂಗಡ್ಡೆಯನ್ನು ಚೀಸ್ ಜೊತೆ ಬಿಸಿಬಿಸಿಯಾಗಿ ನಾದಿರುತ್ತಾರೆ, ಚಮಚ ಎತ್ತಿದರೆ ಎಳೆ ಎಳೆಯಾಗಿ ಬರುತ್ತೆ. ಬೆಳ್ಳುಳ್ಳಿ, ಕೊತ್ತಂಬರಿ, ಒಂದು ಬಗೆಯ ಮೆಂತ್ಯ ಕುಟ್ಟಿ ಬೆರೆಸಿದ ಅಲ್ಲಿನ ಉಪ್ಪು ನಮ್ಮ ನಾಲಿಗೆಗೆ ಚೆನ್ನಾಗಿ ಒಗ್ಗುತ್ತೆ.

ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಚಳಿಗಾಲದಲ್ಲಿ ಹಿಮ ಬಿದ್ದು ಉಷ್ಗುಲಿಯ ರಸ್ತೆ ಆಗಾಗ ಮುಚ್ಚುತ್ತದೆ.