ಆಟಿಸಂ ಇರುವ ಏಳು ವರ್ಷದ ಮಗನಿಗೆ ಐಕ್ಯೂ 54 ಬಂದಿದೆ. ಈ ಅಂಕ ನಂಬಬೇಕೇ, ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೇ?

ನೀವು ಕೊಟ್ಟಿರುವ ವಿವರ ಇಷ್ಟು: ಮಗನಿಗೆ 7 ವರ್ಷ 2 ತಿಂಗಳು. ಮಾತು ಎರಡು-ಮೂರು ಪದಗಳ ವಾಕ್ಯದಷ್ಟೇ. ವೆಕ್ಸ್ಲರ್ ಮಕ್ಕಳ ಪರೀಕ್ಷೆಯ ಐದನೇ ಆವೃತ್ತಿಯಲ್ಲಿ, ಅಂದರೆ ವಿಸ್ಕ್-5ರಲ್ಲಿ, ಒಟ್ಟು ಐಕ್ಯೂ 54. ಆದರೆ ಮನೆಯಲ್ಲಿ ನೂರು ತುಂಡಿನ ಜಿಗ್ಸಾವನ್ನು ಡಬ್ಬಿಯ ಮೇಲಿನ ಚಿತ್ರ ನೋಡದೆ ಜೋಡಿಸುತ್ತಾನೆ. ಇವೆರಡೂ ಹೇಗೆ ಒಟ್ಟಿಗೆ ನಿಜವಾಗಲು ಸಾಧ್ಯ ಎಂಬುದು ನಿಮ್ಮ ಗೊಂದಲ.

ಎರಡೂ ನಿಜವೇ ಇರಬಹುದು. ಅದಕ್ಕೆ ಆ 54 ಎಲ್ಲಿಂದ ಬಂತು ಎಂದು ಬಿಡಿಸಿ ನೋಡಬೇಕು.

ವಿಸ್ಕ್-5ರ ಒಟ್ಟು ಐಕ್ಯೂ ಏಳು ಉಪಪರೀಕ್ಷೆಗಳಿಂದ ಬರುತ್ತದೆ. ಅವುಗಳಲ್ಲಿ ಮೂರಕ್ಕೆ ಮಗು ಬಾಯಿಬಿಟ್ಟೇ ಉತ್ತರಿಸಬೇಕು: ಎರಡು ವಸ್ತುಗಳ ಸಾಮ್ಯ ಹೇಳುವುದು, ಪದಗಳ ಅರ್ಥ ಹೇಳುವುದು, ಕೇಳಿದ ಅಂಕಿಗಳನ್ನು ಮರಳಿ ಹೇಳುವುದು. ಒಂದಕ್ಕೆ ಪೆನ್ಸಿಲ್ ಹಿಡಿದು 120 ಸೆಕೆಂಡಿನಲ್ಲಿ ಆದಷ್ಟು ಚಿಹ್ನೆ ಬರೆಯಬೇಕು. ಇನ್ನೊಂದರಲ್ಲಿ ಬಣ್ಣದ ಘನಗಳನ್ನು ಗಡಿಯಾರದ ಕಣ್ಣೆದುರು ಜೋಡಿಸಬೇಕು, ಬೇಗ ಮುಗಿಸಿದರೆ ಹೆಚ್ಚುವರಿ ಅಂಕ. ಬರೀ ಬೆರಳು ತೋರಿಸಿ ಉತ್ತರಿಸಬಹುದಾದವು ಎರಡೇ, ಅವುಗಳಲ್ಲೂ ಒಂದಕ್ಕೆ ಸಮಯದ ಮಿತಿ ಇದೆ. ಜೊತೆಗೆ ಏಳಕ್ಕೆ ಏಳರಲ್ಲೂ ಸೂಚನೆ ಕೊಡುವುದು ಮಾತಿನಲ್ಲೇ. ಎರಡು ಪದಗಳಲ್ಲಿ ಮಾತಾಡುವ ಮಗುವಿಗೆ ಇದು ಯೋಚನಾಶಕ್ತಿಯ ಪರೀಕ್ಷೆ ಆಗುವುದಕ್ಕಿಂತ ಮೊದಲೇ ಭಾಷೆಯ ಪರೀಕ್ಷೆ ಆಗಿರುತ್ತದೆ. ಕೆಲಸ ಗೊತ್ತಿಲ್ಲದೆ ಸೋತದ್ದಕ್ಕೂ, ಏನು ಮಾಡಬೇಕೆಂದು ತಿಳಿಯದೆ ಸೋತದ್ದಕ್ಕೂ ಅಂಕಪಟ್ಟಿಯಲ್ಲಿ ಬೀಳುವುದು ಒಂದೇ ಸೊನ್ನೆ.

ಇದು ಊಹೆಯ ಮಾತಲ್ಲ. 2007ರಲ್ಲಿ ಮಿಶೆಲ್ ಡಾಸನ್, ಲೊರಾನ್ ಮೊಟ್ರಾನ್ ಮತ್ತು ಸಂಗಡಿಗರು ಆಟಿಸಂ ಇರುವ 38 ಮಕ್ಕಳಿಗೆ ವೆಕ್ಸ್ಲರ್ ಪರೀಕ್ಷೆಯನ್ನೂ ರೇವನ್ಸ್ ಮ್ಯಾಟ್ರಿಸಸ್ ಪರೀಕ್ಷೆಯನ್ನೂ ಕೊಟ್ಟರು. ರೇವನ್ಸ್ ಎಂದರೆ ಚಿತ್ರವಿನ್ಯಾಸದ ಖಾಲಿ ಜಾಗಕ್ಕೆ ಹೊಂದುವ ತುಂಡನ್ನು ಮಾತಿಲ್ಲದೆ ಆರಿಸುವ ಪರೀಕ್ಷೆ. ಪರ್ಸೆಂಟೈಲ್‌ನಲ್ಲಿ, ಅಂದರೆ ನೂರು ಮಕ್ಕಳಲ್ಲಿ ಎಷ್ಟು ಜನರಿಗಿಂತ ಮುಂದೆ ಎಂಬ ಲೆಕ್ಕದಲ್ಲಿ, ರೇವನ್ಸ್‌ನಲ್ಲಿ ಅವರ ಸ್ಥಾನ ವೆಕ್ಸ್ಲರ್‌ಗಿಂತ ಸರಾಸರಿ 30ರಷ್ಟು ಮೇಲಿತ್ತು, ಕೆಲವರಲ್ಲಿ 70ಕ್ಕೂ ಹೆಚ್ಚು. ಆಟಿಸಂ ಇಲ್ಲದ ಮಕ್ಕಳಲ್ಲಿ ಅಂಥ ಅಂತರ ಕಾಣಲಿಲ್ಲ. ನಂತರದ ಅಧ್ಯಯನಗಳಲ್ಲಿ ಎಲ್ಲ ಗುಂಪುಗಳಲ್ಲೂ ಇಷ್ಟು ದೊಡ್ಡ ಅಂತರ ಸಿಕ್ಕಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ರೇವನ್ಸ್ ಕೊಟ್ಟರೆ ಅಂಕ ಏರಿಯೇ ಏರುತ್ತದೆ ಎಂದು ಹೊರಡಬೇಡಿ.

ಈಗ ಜಿಗ್ಸಾ ವಿಷಯ. ದೊಡ್ಡ ಚಿತ್ರವನ್ನು ತುಂಡುಗಳಾಗಿ ಒಡೆದು ನೋಡುವುದರಲ್ಲಿ ಆಟಿಸಂ ಇರುವ ಹಲವು ಮಕ್ಕಳು ಮುಂದಿರುತ್ತಾರೆ. ಘನ ಜೋಡಿಸುವ ಉಪಪರೀಕ್ಷೆಯಲ್ಲಿ ಇವರ ಅಂಕ ಉಳಿದವುಗಳಿಗಿಂತ ಮೇಲಕ್ಕೆದ್ದು ನಿಲ್ಲುವುದಕ್ಕೆ ಇದೇ ಕಾರಣ ಎಂದು ಅಮಿತಾ ಶಾ ಮತ್ತು ಊಟಾ ಫ್ರಿತ್ 1993ರಲ್ಲೇ ತೋರಿಸಿದ್ದರು. ಹಾಗಾಗಿ ಜಿಗ್ಸಾ ನಿಮ್ಮ ಮಗನ ದೃಶ್ಯಶಕ್ತಿಗೆ ಗಟ್ಟಿ ಸಾಕ್ಷಿ. ಇಡೀ ಬುದ್ಧಿಮತ್ತೆಗೆ ಸಾಕ್ಷಿಯಲ್ಲ. ಅದೊಂದನ್ನೇ ಹಿಡಿದು '54 ಸುಳ್ಳು' ಎನ್ನುವುದು, 54 ಒಂದನ್ನೇ ಹಿಡಿದು 'ಇವನಿಗೆ ಏನೂ ಬರುವುದಿಲ್ಲ' ಎನ್ನುವಷ್ಟೇ ಅವಸರದ ತೀರ್ಮಾನ.

ವರದಿಯನ್ನು ಮತ್ತೆ ತೆಗೆಯಿರಿ. ಒಟ್ಟು ಅಂಕ ಬಿಟ್ಟು ಕೆಳಗಿನ ಐದು ಸೂಚ್ಯಂಕಗಳನ್ನು ನೋಡಿ: ಭಾಷಾಗ್ರಹಿಕೆ, ದೃಶ್ಯ-ಸ್ಥಳ ಸಾಮರ್ಥ್ಯ, ಹೊಸ ಸಮಸ್ಯೆ ಬಿಡಿಸುವ ತರ್ಕ, ಕಾರ್ಯಸ್ಮೃತಿ (ಮಾಹಿತಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟು ಬಳಸುವುದು), ವೇಗ. ಪ್ರತಿಯೊಂದರ ಸರಾಸರಿ 100, ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯಿಂದ ಆಚೀಚೆ ಹರಡುವ ಅಳತೆ, 15. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ 23 ಅಂಕ, ಅಂದರೆ ಸುಮಾರು ಒಂದೂವರೆ ವಿಚಲನೆಯಷ್ಟು ಅಂತರವಿದ್ದರೆ ಒಟ್ಟು ಐಕ್ಯೂ ಹಿಡಿದು ಮಾತಾಡಬಾರದು ಎಂಬುದು ಅನುಭವಿ ಪರೀಕ್ಷಕರು ಸಾಮಾನ್ಯವಾಗಿ ಪಾಲಿಸುವ ರೂಢಿ. ಭಾಷೆ 50, ದೃಶ್ಯ 92 ಇರುವ ಮಗುವಿಗೆ ನಡುವಿನ ಯಾವುದೋ ಸಂಖ್ಯೆ ಕೊಟ್ಟರೆ ಅದು ಆ ಮಗುವಿನ ಯಾವ ಮುಖವನ್ನೂ ತೋರಿಸುವುದಿಲ್ಲ. ವರದಿಯಲ್ಲಿ ಒಟ್ಟು ಅಂಕ ಮಾತ್ರ ಇದ್ದು ಸೂಚ್ಯಂಕಗಳೇ ಇಲ್ಲದಿದ್ದರೆ ಅದನ್ನು ಅರ್ಧ ವರದಿ ಎಂದೇ ಲೆಕ್ಕ ಹಾಕಿ, ಲಿಖಿತವಾಗಿ ಕೇಳಿ ಪಡೆಯಿರಿ.

ಆಮೇಲೆ ಸೊನ್ನೆಗಳನ್ನು ಹುಡುಕಿ. ಉಪಪರೀಕ್ಷೆಯ ಕಚ್ಚಾ ಅಂಕವನ್ನು, ಅಂದರೆ ಮಗು ನಿಜಕ್ಕೂ ಗಳಿಸಿದ್ದನ್ನು, ವಯಸ್ಸಿನ ಕೋಷ್ಟಕ ನೋಡಿ ಪರಿವರ್ತಿಸುತ್ತಾರೆ. ಈ ಪರಿವರ್ತಿತ ಅಂಕ 1ರಿಂದ 19ರವರೆಗೆ, ಸರಾಸರಿ 10. ಇಲ್ಲಿ '1' ಎಂದಿದ್ದರೆ ಕಚ್ಚಾ ಅಂಕ ಎಷ್ಟಿತ್ತು ಎಂದು ಕೇಳಿ. ಒಂದೂ ಸರಿ ಉತ್ತರವಿಲ್ಲದ ಮಗುವಿಗೂ 1, ಮೂರ್ನಾಲ್ಕು ಸರಿ ಮಾಡಿದ ಮಗುವಿಗೂ 1 ಬೀಳಬಹುದು. ಇದನ್ನೇ ತಳಮಟ್ಟದ ಸಮಸ್ಯೆ ಎನ್ನುತ್ತಾರೆ. ಪರೀಕ್ಷೆಯ ಅತಿ ಸುಲಭದ ಪ್ರಶ್ನೆಯೇ ಮಗುವಿಗೆ ಎಟುಕದಿದ್ದರೆ ಆ ಅಳತೆಗೋಲು ಅಲ್ಲಿಗೆ ಮುಗಿಯಿತು. ವಿಸ್ಕ್-5ರ ಒಟ್ಟು ಐಕ್ಯೂ 40ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಎರಡು-ಮೂರು ಉಪಪರೀಕ್ಷೆಗಳಲ್ಲಿ ಕಚ್ಚಾ ಅಂಕವೇ 0 ಇದ್ದರೆ 54 ಎನ್ನುವುದು ಅಳೆದ ಸಂಖ್ಯೆಗಿಂತ ಹೆಚ್ಚಾಗಿ ಕೋಷ್ಟಕ ಉಗುಳಿದ ಸಂಖ್ಯೆ.

ನಿಮ್ಮ ವಿಷಯದಲ್ಲಿ ಒಂದು ಅನುಕೂಲವಿದೆ, ಅದು ಇನ್ನೈದು ತಿಂಗಳಲ್ಲಿ ಕೈತಪ್ಪುತ್ತದೆ. ವಿಸ್ಕ್-5 ಶುರುವಾಗುವುದು 6 ವರ್ಷಕ್ಕೆ. ಅದರ ಚಿಕ್ಕ ತಂಗಿಯಂಥ ವಿಪ್ಸಿ-4, ಅಂದರೆ ಪುಟ್ಟ ಮಕ್ಕಳ ವೆಕ್ಸ್ಲರ್ ಪರೀಕ್ಷೆ, ಎರಡೂವರೆ ವರ್ಷದಿಂದ 7 ವರ್ಷ 7 ತಿಂಗಳವರೆಗೆ ನಡೆಯುತ್ತದೆ. ಎರಡೂ ಒಪ್ಪುವ ವಯಸ್ಸಿನಲ್ಲಿ ಭಾಷೆ ಹಿಂದಿರುವ ಮಗುವಿಗೆ ವಿಪ್ಸಿಯನ್ನೇ ಆರಿಸಬೇಕು. ಅದರಲ್ಲಿ ಸುಲಭದ ಪ್ರಶ್ನೆಗಳು ಹೆಚ್ಚು, ವೇಗದ ಉಪಪರೀಕ್ಷೆಗಳಲ್ಲಿ ಪೆನ್ಸಿಲ್ ಬದಲು ಶಾಯಿಯ ಮುದ್ರೆ ಒತ್ತಿದರೆ ಸಾಕು, ಮಾತು ಬೇಡದ ಉಪಪರೀಕ್ಷೆಗಳಿಂದ ಮಾತ್ರ ಲೆಕ್ಕ ಹಾಕುವ ಸೂಚ್ಯಂಕವೂ ಇದೆ.

ಆದರೂ ಎರಡು ಪದಗಳ ಮಾತಿನ ಮಗುವಿಗೆ ನನ್ನ ಮೊದಲ ಆಯ್ಕೆ ಲೈಟರ್-3. ಇದರಲ್ಲಿ ಪರೀಕ್ಷಕರೂ ಮಾತಾಡುವುದಿಲ್ಲ. ಸೂಚನೆ ಪೂರ್ತಿ ಕೈಸನ್ನೆ, ಮುಖಭಾವ, ಮಾಡಿ ತೋರಿಸುವುದು. ಮಗು ಕಾರ್ಡನ್ನೋ ಫೋಮ್ ತುಂಡನ್ನೋ ಎತ್ತಿ ಚೌಕಟ್ಟಿನ ಖಾನೆಗೆ ಇಡಬೇಕು. ಬೆರಳು ತೋರಿಸಲು ಇನ್ನೂ ಕಲಿಯದ ಮಗುವಿಗೆ 'ಎತ್ತಿ ಇಡುವುದು' ಎಷ್ಟೋ ಸಹಜ. 3 ವರ್ಷದಿಂದ ನಡೆಯುತ್ತದೆ. ಕೊರತೆಯೂ ಇದೆ: ಭಾಷೆಯ ಬಗ್ಗೆ ಇದು ಒಂದು ಮಾತೂ ಹೇಳುವುದಿಲ್ಲ. ಶಾಲೆ ನಡೆಯುವುದು ಭಾಷೆಯಲ್ಲಿ. ಲೈಟರ್‌ನಲ್ಲಿ 85 ಬಂದರೆ ತರಗತಿಯ ಪಾಠ ಅಷ್ಟು ಸಲೀಸು ಎಂದು ತಿಳಿಯಬಾರದು, ಭಾಷಾ ಮೌಲ್ಯಮಾಪನ ಬೇರೆಯಾಗಿ ಆಗಲೇಬೇಕು.

ರೇವನ್ಸ್‌ನ ಬಣ್ಣದ ಆವೃತ್ತಿ ಹೆಚ್ಚು ಕಡೆ ಸಿಗುತ್ತದೆ, ಬೇಗ ಮುಗಿಯುತ್ತದೆ. ಒಟ್ಟು 36 ಚಿತ್ರ, ಪ್ರತಿಯೊಂದಕ್ಕೂ ಆರು ಆಯ್ಕೆ. ಇಲ್ಲಿ ಆಗುವ ಎಡವಟ್ಟು ಇದು: ಮಗು ಚಿತ್ರ ನೋಡದೆ ಪ್ರತಿ ಸಲ ಒಂದೇ ಜಾಗವನ್ನು, ಉದಾಹರಣೆಗೆ ಬಲತುದಿಯ ಕೆಳಗಿನದನ್ನು, ಮುಟ್ಟುತ್ತಾ ಹೋಗುತ್ತದೆ. ಬರೀ ಅದೃಷ್ಟಕ್ಕೇ 36ರಲ್ಲಿ ಸುಮಾರು 6 ಸರಿಯಾಗುತ್ತವೆ. ಕಚ್ಚಾ ಅಂಕ ಆರೋ ಏಳೋ ಇದ್ದರೆ ಉತ್ತರ ಹಾಳೆಯಲ್ಲಿ ಒಂದೇ ಸಂಖ್ಯೆ ಸಾಲುಸಾಲಾಗಿ ಬಿದ್ದಿದೆಯೇ ಎಂದು ಪರೀಕ್ಷಕರನ್ನು ಕೇಳಿ. ಬಿದ್ದಿದ್ದರೆ ಆ ಪರೀಕ್ಷೆಯಿಂದ ಬುದ್ಧಿಯ ಬಗ್ಗೆ ತಿಳಿದದ್ದು ಏನೂ ಇಲ್ಲ. ಇದರದ್ದೇ ಹಲಗೆಯ ರೂಪವೂ ಇದೆ, ತುಂಡನ್ನು ಎತ್ತಿ ಖಾಲಿ ಜಾಗದಲ್ಲಿ ಕೂರಿಸುವಂಥದ್ದು. ಜಿಗ್ಸಾ ಪ್ರಿಯನಿಗೆ ಅದು ಒಗ್ಗುತ್ತದೆ.

ಪರೀಕ್ಷೆ ಯಾವುದೇ ಇರಲಿ, ಅದು ಯಾವ ಭಾಷೆಯಲ್ಲಿ ನಡೆಯಿತು, ಹೋಲಿಕೆಗೆ ಬಳಸಿದ ಮಾನದಂಡ ಯಾವ ಜನಸಮೂಹದ್ದು ಎಂದು ಕೇಳಿ. ಒಂದು ಭಾಷೆಗೆ ರೂಪಿಸಿದ ಪದಪ್ರಶ್ನೆಗಳನ್ನು ಪರೀಕ್ಷಕರು ಕುಳಿತಲ್ಲೇ ಅನುವಾದಿಸಿ ಕೇಳಿ, ಮೂಲ ಕೋಷ್ಟಕದಲ್ಲೇ ಅಂಕ ಹುಡುಕಿದರೆ ಆ ಅಂಕಕ್ಕೆ ಬೆಲೆಯಿಲ್ಲ. ಪದದ ಕಷ್ಟದ ಮಟ್ಟ ಅನುವಾದದಲ್ಲಿ ಬದಲಾಗಿಬಿಟ್ಟಿರುತ್ತದೆ.

ಪರೀಕ್ಷೆಯ ದಿನಕ್ಕೂ ಮೊದಲು ಆಗಬೇಕಾದ್ದು ಶ್ರವಣ ತಪಾಸಣೆ, ಕಣ್ಣಿನ ತಪಾಸಣೆ. ಇದನ್ನು ಬಿಟ್ಟು ಬುದ್ಧಿ ಅಳೆಯಲು ಕೂರುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಮೂರ್ಛೆರೋಗದ ಔಷಧಿ ಅಥವಾ ನಿದ್ದೆ ತರುವ ಯಾವುದೇ ಔಷಧಿ ಇದ್ದರೆ ಮುಂಚೆ ತಿಳಿಸಿ, ಅದು ವೇಗದ ಅಂಕವನ್ನು ನೇರವಾಗಿ ತಗ್ಗಿಸಬಹುದು. ಮಗು ಚಿತ್ರಕಾರ್ಡು ಅಥವಾ ಟ್ಯಾಬ್ಲೆಟ್ ಮೂಲಕ ಮಾತಾಡುವುದಾದರೆ ಅದು ಜೊತೆಗೇ ಬರಲಿ. ಕೋಣೆಯ ಫೋಟೊ, ಪರೀಕ್ಷಕರ ಫೋಟೊ ಎರಡು ದಿನ ಮೊದಲೇ ತೋರಿಸಿ. ಸಾಧ್ಯವಾದರೆ ಒಮ್ಮೆ ಹೋಗಿ ಆಡಿ ಬರಲಿ, ಆವತ್ತು ಪರೀಕ್ಷೆ ಬೇಡ. ವಿಸ್ಕ್‌ನ ಐದೂ ಸೂಚ್ಯಂಕಗಳಿಗೆ ಬೇಕಾದ ಹತ್ತು ಉಪಪರೀಕ್ಷೆಗೆ ಒಂದು ಗಂಟೆಗೂ ಮೀರಿ ಹಿಡಿಯುತ್ತದೆ. ಈ ಮಕ್ಕಳಿಗೆ ಅದನ್ನು ಎರಡು ಬೆಳಗಿಗೆ ಹಂಚುವುದು ವಾಸಿ. ಟೇಬಲ್ ಮೇಲೆ 'ಇಷ್ಟು ಕೆಲಸ, ಆಮೇಲೆ ಬಿಡುವು' ಎಂಬ ಚಿತ್ರಪಟ್ಟಿ ಇರಲಿ. ಬಿಡುವನ್ನು ಉಪಪರೀಕ್ಷೆಗಳ ನಡುವೆ ಕೊಡಬೇಕು, ಸಮಯ ಎಣಿಸುವ ಪ್ರಶ್ನೆಯ ನಡುವೆ ಅಲ್ಲ. ಕೂತು ಪ್ರಯತ್ನಿಸಿದ್ದಕ್ಕೆ ಬಹುಮಾನ ಕೊಡಬಹುದು, ಸರಿ ಉತ್ತರಕ್ಕೆ ಕೊಡುವಂತಿಲ್ಲ, ಏಕೆಂದರೆ ಅದರಿಂದ ಉತ್ತರ ಸರಿಯೋ ತಪ್ಪೋ ಎಂಬ ಗುಟ್ಟು ಹೊರಬೀಳುತ್ತದೆ.

ಪರೀಕ್ಷಕರು ಏನು ಗಮನಿಸಿ ಬರೆದಿದ್ದಾರೆ ಎಂಬುದು ನನಗೆ ಸಂಖ್ಯೆಯಷ್ಟೇ ಮುಖ್ಯ. ಅಂಕಿಗಳನ್ನು ಮುಂದಕ್ಕೆ ಹೇಳುವುದರಲ್ಲಿ ಮಗು ಮಿಂಚಿ, ಹಿಂದುಮುಂದಾಗಿ ಹೇಳು ಎಂದಾಗ ಪೂರ್ತಿ ಕುಸಿದರೆ ಅದು ಸ್ಮೃತಿಯ ಬಲವಲ್ಲ, ಕೇಳಿದ್ದನ್ನು ಹಾಗೆಯೇ ಮರುನುಡಿಯುವ ಎಕೊಲೇಲಿಯಾ ಇರಬಹುದು. ಪ್ರಶ್ನೆಯ ಕೊನೆಯ ಪದವನ್ನೇ ಉತ್ತರವಾಗಿ ಹೇಳುತ್ತಿದ್ದರೂ ಅದೇ ಸುಳಿವು. ಒಳ್ಳೆಯ ಪರೀಕ್ಷಕರು ನಿಯಮದ ಪ್ರಕಾರ ಮುಗಿಸಿದ ಮೇಲೆ ಬಿದ್ದ ಪ್ರಶ್ನೆಗಳಿಗೆ ಮರಳುತ್ತಾರೆ: ಗಡಿಯಾರ ತೆಗೆದಿಟ್ಟು, ಆಯ್ಕೆಗಳನ್ನು ಕೊಟ್ಟು, ಒಮ್ಮೆ ಮಾಡಿ ತೋರಿಸಿ ನೋಡುತ್ತಾರೆ. ಇದು ಐಕ್ಯೂಗೆ ಸೇರುವುದಿಲ್ಲ, ಪ್ರತ್ಯೇಕವಾಗಿ ಬರೆಯಬೇಕು. ಆದರೆ ಮಗುವಿಗೆ ಹೇಗೆ ಕಲಿಸಬೇಕು ಎಂಬುದು ಸಿಗುವುದು ಈ ಟಿಪ್ಪಣಿಯಲ್ಲೇ. ಘನ ಜೋಡಣೆಯಲ್ಲಿ ವೇಗದ ಅಂಕ ಕಳೆದು ಲೆಕ್ಕ ಹಾಕುವ ಅಧಿಕೃತ ವಿಧಾನವೂ ಇದೆ, ಅದನ್ನು ಕೇಳಿ ಪಡೆಯಿರಿ.

ಮರುಪರೀಕ್ಷೆ ಬಗ್ಗೆ: ಅದೇ ವಿಸ್ಕ್ ಅನ್ನು ಒಂದು ವರ್ಷದೊಳಗೆ ಮತ್ತೆ ಕೊಡಿಸಬೇಡಿ, ಅಭ್ಯಾಸದಿಂದ ಅಂಕ ಏರುತ್ತದೆ. ಬೇರೆ ಪರೀಕ್ಷೆಗೆ ಅಷ್ಟು ಕಾಯಬೇಕಿಲ್ಲ, ಆದರೂ ವಿಪ್ಸಿಯಲ್ಲಿ ಘನ ಜೋಡಣೆಯಂಥ ಕೆಲಸಗಳು ವಿಸ್ಕ್‌ನವುಗಳನ್ನೇ ಹೋಲುವುದರಿಂದ ಲೈಟರ್ ಹೆಚ್ಚು ನಿರಾತಂಕ. ಹಾಗೆಂದು ನಾಲ್ಕು ಕಡೆ ನಾಲ್ಕು ಪರೀಕ್ಷೆ ಮಾಡಿಸಿ ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳುವುದು ಬೇಡ. ಇಂಟರ್ನೆಟ್ಟಿನಲ್ಲಿ ಸಿಗುವ ಪ್ರಶ್ನೆಗಳನ್ನು ಮನೆಯಲ್ಲಿ ತಿದ್ದಿಸುವುದಂತೂ ಬೇಡವೇ ಬೇಡ. ಅಂಕ ಉಬ್ಬಿದರೆ ಮಗುವಿಗೆ ಸಿಗಬೇಕಾದ ನೆರವು ಕೈತಪ್ಪುತ್ತದೆ. ಐದು ವರ್ಷಕ್ಕೆ ಮುಂಚಿನ ಅಂಕಗಳು ತುಂಬಾ ಅಲುಗಾಡುತ್ತವೆ, ಏಳರ ಆಸುಪಾಸಿನಲ್ಲಿ ಸ್ವಲ್ಪ ನೆಲೆ ನಿಲ್ಲುತ್ತವೆ, ಭಾಷೆ ಬೆಳೆಯುತ್ತಿರುವ ಮಗುವಿನಲ್ಲಿ ಆಮೇಲೂ ಸರಿದಾಡುತ್ತವೆ. ಸುಮಾರು ಮೂರು ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಇನ್ನು ಬೌದ್ಧಿಕ ಅಸಾಮರ್ಥ್ಯ ಎಂಬ ಹಣೆಪಟ್ಟಿ. ಐಕ್ಯೂ ಒಂದರಿಂದಲೇ ಅದನ್ನು ಹಚ್ಚುವಂತಿಲ್ಲ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಕೈಪಿಡಿಯಾದ 2013ರ ಡಿಎಸ್ಎಂ-5ರ ಪ್ರಕಾರ ಅಂಕ ಸುಮಾರು 65-75 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಜೊತೆಗೆ ದಿನನಿತ್ಯದ ಹೊಂದಾಣಿಕೆಯ ಕೌಶಲಗಳೂ ವಯಸ್ಸಿಗೆ ತಕ್ಕಂತೆ ಇಲ್ಲದಿರಬೇಕು. ತೀವ್ರತೆ ಸೌಮ್ಯವೋ ಮಧ್ಯಮವೋ ಎಂದು ನಿರ್ಧರಿಸುವುದೂ ಈ ಕೌಶಲಗಳ ಮೇಲೆಯೇ, ಐಕ್ಯೂ ಮೇಲಲ್ಲ. ನಿಮ್ಮ ಪ್ರಶ್ನೆಯಲ್ಲಿ ಅಂಥ ಅಳತೆಯ ಸುದ್ದಿಯೇ ಇಲ್ಲ. ವೈನ್‌ಲ್ಯಾಂಡ್-3 ಮಾಡಿಸಿ. ಅದರಲ್ಲಿ ಮಗುವನ್ನು ಪರೀಕ್ಷಿಸುವುದಿಲ್ಲ, ನಿಮ್ಮನ್ನೇ ಕೂರಿಸಿ ಸಂವಹನ, ದಿನಚರಿ, ಸಾಮಾಜಿಕತೆ ಬಗ್ಗೆ ಕೇಳುತ್ತಾರೆ. ಸಾಮಾನ್ಯವಾಗಿ ಮಾಡುತ್ತಾನೆ ಎಂದರೆ 2, ಕೆಲವೊಮ್ಮೆ ಎಂದರೆ 1, ಇಲ್ಲವೆಂದರೆ 0. ಪೋಷಕರು ತಪ್ಪುವುದು ಇಲ್ಲೇ: 'ಅವನಿಗೆ ಬರುತ್ತದೆ' ಎಂದು 2 ಹಾಕಿಸುತ್ತಾರೆ. ಕೇಳುತ್ತಿರುವುದು ಬರುತ್ತದೆಯೇ ಎಂದಲ್ಲ, ಯಾರೂ ನೆನಪಿಸದೆ, ಕೈಹಿಡಿಯದೆ ಮಾಡುತ್ತಾನೆಯೇ ಎಂದು. ಹೋಗುವ ಮುಂಚೆ ಒಂದು ವಾರ ಅವನು ಹಲ್ಲುಜ್ಜುವುದು, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಬೇಕಾದ್ದನ್ನು ಕೇಳುವುದು, ಇವುಗಳಲ್ಲಿ ನೀವು ಎಲ್ಲೆಲ್ಲಿ ಕೈಹಾಕಿದಿರಿ ಎಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಅದನ್ನೇ ತೆಗೆದುಕೊಂಡು ಹೋಗಿ.