ಟೆಂಟರ್‌ಹುಕ್ಸ್: ಉಣ್ಣೆಬಟ್ಟೆಯ ತಳಮಳ

ಪ್ರಶ್ನೆ: ಕೊಳೆರೋಗದ ಭಯದಲ್ಲಿ ಅಡಿಕೆ ಬೆಳೆಗಾರರು ‘ಆನ್ ಟೆಂಟರ್‌ಹುಕ್ಸ್’ ಇದ್ದಾರೆ ಎಂದು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿದೆ. ಅದು ‘ಟೆಂಡರ್‌ಹುಕ್ಸ್’ ಆಗಬೇಕು ಎನ್ನುವುದು ಪಿಯುಸಿ ಓದುವ ಮಗಳ ವಾದ. ಟೆಂಟ್ ಕಟ್ಟುವ ಕೊಕ್ಕೆ ಇರಬೇಕು ಎಂದು ನನ್ನ ಊಹೆ. ಯಾರು ಸರಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಪತ್ರಿಕೆಯವರೇ ಸರಿ. ಮಗಳು ಮಾಡಿದ ತಪ್ಪನ್ನು ಇಂಗ್ಲಿಷ್ ಮನೆಮಾತಿನವರೂ ಮಾಡುತ್ತಾರೆ, ಗದರಬೇಡಿ. ನೀವು ಮನೆ ತಪ್ಪಿದ್ದರೂ ಕೇರಿ ತಪ್ಪಿಲ್ಲ.

ಏನಾಗುವುದೋ ಎಂಬ ತಳಮಳದಲ್ಲಿ ಕಾಯುವುದು ಎಂಬ ಅರ್ಥದ ಇದು ಉಣ್ಣೆ ನೇಕಾರರಿಂದ ಬಂದ ಮಾತು. ಕುರಿಯುಣ್ಣೆಯ ಕಂಬಳಿಯನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆದು ನೋಡಿ: ಮುದುರಿ, ದಪ್ಪವಾಗಿ, ಹೊದ್ದರೆ ಕಾಲು ಹೊರಗೆ ಉಳಿಯುವಷ್ಟು ಕಿರಿದಾಗುತ್ತದೆ. ಇಂಗ್ಲೆಂಡಿನ ನೇಕಾರರು ನೇಯ್ದ ಬಟ್ಟೆ ಗಟ್ಟಿಯಾಗಲೆಂದು ಬೇಕೆಂದೇ ತೋಯಿಸಿ ಕುಟ್ಟುತ್ತಿದ್ದರು. ಆಮೇಲೆ ಅದು ಒಣಗುವಾಗ ಸುಕ್ಕುಗಟ್ಟದಂತೆ, ಬಯಲಿನಲ್ಲಿ ಬೇಲಿಯ ಹಾಗೆ ಉದ್ದಕ್ಕೂ ನಿಲ್ಲಿಸಿದ ಮರದ ಚೌಕಟ್ಟಿಗೆ ಎಳೆದು ಬಿಗಿಯುತ್ತಿದ್ದರು. ಆ ಚೌಕಟ್ಟೇ ಟೆಂಟರ್. ಅದರ ಮೇಲಿನ, ಕೆಳಗಿನ ಪಟ್ಟಿಗಳಿಗೆ ಸಾಲಾಗಿ ಹೊಡೆದ ಬಾಗಿದ ಮೊಳೆಗಳೇ ಟೆಂಟರ್‌ಹುಕ್ಸ್. ಬಟ್ಟೆಯ ಅಂಚು ಆ ಮೊಳೆಗಳಿಗೆ ಸಿಕ್ಕಿಕೊಂಡಿರುತ್ತಿತ್ತು. ಬಿಡಿಸಿಕೊಳ್ಳುವಂತಿಲ್ಲ, ಸಡಿಲಾಗುವಂತಿಲ್ಲ, ಒಣಗುವ ತನಕ ಹಾಗೆಯೇ ಬಿಗಿದುಕೊಂಡಿರಬೇಕು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಟೆಂಟರ್ ಗ್ರೌಂಡ್ ಎಂಬ ಬೀದಿ ಈಗಲೂ ಇದೆ. 1748ರಲ್ಲಿ ಬಂದ ಟೊಬಾಯಸ್ ಸ್ಮಾಲೆಟ್‌ನ ಕಾದಂಬರಿಯ ಹೊತ್ತಿಗೆ ಈ ಮೊಳೆಗಳು ಬಟ್ಟೆಯನ್ನು ಬಿಟ್ಟು ಮನುಷ್ಯನನ್ನೇ ಹಿಡಿದಿದ್ದವು: ಸುದ್ದಿ ಏನಾಗುವುದೋ ಎಂದು ಕಾಯುವವನನ್ನು ಅದರಲ್ಲಿ ಈ ಕೊಕ್ಕೆಗಳಿಗೆ ಸಿಕ್ಕಿಸಲಾಗಿದೆ.

ಇನ್ನು ನಿಮ್ಮ ಟೆಂಟ್. ‘ಎಳೆ, ಹಿಗ್ಗಿಸು’ ಎಂಬ ಅರ್ಥದ ಲ್ಯಾಟಿನ್ನಿನ ‘ಟೆಂಡೆರೆ’ಯೇ ಎರಡಕ್ಕೂ ಮೂಲ. ಗುತ್ತಿಗೆದಾರರ ಟೆಂಡರ್ ಕೂಡ ಅಲ್ಲಿಂದಲೇ ಬಂದದ್ದು (ಕೈ ಮುಂದೆ ಚಾಚುವುದು ಎಂಬ ಅರ್ಥದಿಂದ), ಮಗಳಿಗೆ ಇದನ್ನು ಹೇಳಿ ಸಮಾಧಾನ ಮಾಡಿ. ನಾವು ದಿನಕ್ಕೆ ಹತ್ತು ಸಲ ಹೇಳುವ ಟೆನ್ಷನ್ನಿಗೂ ಅದೇ ಬೇರು. ಸಂಸ್ಕೃತದ ‘ತನ್’ ಧಾತು ಇದರ ದಾಯಾದಿ. ನಮ್ಮ ತಂತು, ತಂತಿಗಳು ಆ ಕಡೆಯಿಂದ ಬಂದವು. ವೀಣೆಯ ತಂತಿಯೂ ಫಲಿತಾಂಶದ ದಿನದ ಟೆನ್ಷನ್ನೂ ಒಂದೇ ಕುಲದವು ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಕನ್ನಡದಲ್ಲಿ ಇದನ್ನು ‘ತುದಿಗಾಲಲ್ಲಿ ನಿಂತಿದ್ದಾರೆ’ ಎಂದು ಅನುವಾದಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ತುದಿಗಾಲಲ್ಲಿ ನಿಲ್ಲುವುದು ಸಾಗರದ ಮಾರಿಕಾಂಬಾ ಜಾತ್ರೆಗೆ ಹೊರಟ ಮಗು. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಒಂದು ಸಲ ಹೊಡೆದಾಗಿದೆ, ಎರಡನೆಯದಕ್ಕೆ ಮಳೆ ಹೊಳವಾಗುತ್ತಿಲ್ಲ, ಬೆಳಿಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ಬಿಳಿ ಬೂಷ್ಟು ಹಿಡಿದ ಹಸಿರು ಕಾಯಿಗಳು ಉದುರಿ ಬಿದ್ದಿವೆ. ಆ ಬೆಳೆಗಾರ ಮುಳ್ಳಿನ ಮೇಲೆ ಕುಳಿತಿದ್ದಾನೆ ಎನ್ನಿ.